78 ನಿಮಿಷದ ತಪ್ಪು, ಹತ್ತು ದಿನದ ದುರಸ್ತಿ: ಕ್ರೌಡ್‌ಸ್ಟ್ರೈಕ್ ಪ್ರಕರಣದಲ್ಲಿ ಆನ್ ಆಗದ ಕಂಪ್ಯೂಟರ್‌ಗಳು

2024ರ ಜುಲೈ 19, ಶುಕ್ರವಾರ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9.39. ಅಮೆರಿಕದ ಭದ್ರತಾ ಕಂಪನಿ ಕ್ರೌಡ್‌ಸ್ಟ್ರೈಕ್ ತನ್ನ ಗ್ರಾಹಕರ ವಿಂಡೋಸ್ ಕಂಪ್ಯೂಟರ್‌ಗಳಿಗೆ ಒಂದು ಚಿಕ್ಕ ಫೈಲ್ ಕಳಿಸಿತು. 10.57ಕ್ಕೆ ತಪ್ಪು ಗೊತ್ತಾಗಿ ಅದನ್ನು ವಾಪಸ್ ಪಡೆಯಿತು. ಮಧ್ಯೆ ಕಳೆದದ್ದು 78 ನಿಮಿಷ. ಮೈಕ್ರೋಸಾಫ್ಟ್ ಮರುದಿನ ಹೇಳಿದ ಲೆಕ್ಕದ ಪ್ರಕಾರ ಅಷ್ಟರಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್‌ಗಳಿಗೆ ಪೆಟ್ಟು ಬಿದ್ದಿತ್ತು. ಪ್ರಪಂಚದ ಒಟ್ಟು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದು ಶೇಕಡ 1ಕ್ಕಿಂತಲೂ ಕಡಿಮೆ. ಆದರೆ ಇದ್ದದ್ದು ವಿಮಾನ ಕಂಪನಿ, ಬ್ಯಾಂಕ್, ಆಸ್ಪತ್ರೆ, ಟಿವಿ ವಾಹಿನಿಗಳಲ್ಲಿ. ಹಾಗಾಗಿ ಕಡಿಮೆ ಎನ್ನುವ ಮಾತಿಗೆ ಆ ದಿನ ಬೆಲೆ ಇರಲಿಲ್ಲ.

ಆ ಫೈಲ್ ಹೇಗೆ ಹೊರಬಿತ್ತು, ಯಾರು ಪರೀಕ್ಷೆ ಮಾಡಲಿಲ್ಲ ಎಂದು ಸಾಕಷ್ಟು ಚರ್ಚೆ ಆಗಿದೆ. ನನ್ನ ಗಮನ ಇನ್ನೊಂದು ತುದಿಯ ಮೇಲಿದೆ. ಬೆಳಿಗ್ಗೆ ಬಂದು ನೋಡಿದರೆ ನೀಲಿ ಪರದೆ. ಅದರ ಮುಂದೆ ಕೂತ ಸಪೋರ್ಟ್ ಹುಡುಗನೋ ಹುಡುಗಿಯೋ ಏನು ಮಾಡಬೇಕಿತ್ತು? ಕಾರಣ ಹೇಗೆ ಗೊತ್ತಾಯಿತು? ಪರಿಹಾರ ಗೊತ್ತಾದ ಮೇಲೂ ಯಾಕೆ ಅಷ್ಟು ದಿನ ಹಿಡಿಯಿತು? ಜುಲೈ 29ರ ಹೊತ್ತಿಗೆ ಸುಮಾರು 99 ಶೇಕಡ ಕಂಪ್ಯೂಟರ್‌ಗಳು ಮತ್ತೆ ಸಂಪರ್ಕಕ್ಕೆ ಬಂದಿವೆ ಎಂದು ಕಂಪನಿ ಹೇಳಿತು. ತಪ್ಪನ್ನು ತಡೆಯಲು 78 ನಿಮಿಷ, ಸರಿ ಮಾಡಲು ಹತ್ತು ದಿನ. ಈ ಅಂತರಕ್ಕೆ ಒಂದೇ ಕಾರಣ. ಆನ್ ಆಗದ ಕಂಪ್ಯೂಟರನ್ನು ನೆಟ್‌ವರ್ಕ್ ಮೂಲಕ ಮುಟ್ಟಲು ಆಗುವುದಿಲ್ಲ. ಯಾರಾದರೂ ಹೋಗಿ ಅದರ ಮುಂದೆ ನಿಲ್ಲಲೇಬೇಕು.

ಪರದೆಯ ಮೇಲೆ ಕಂಡದ್ದು

ಎಲ್ಲ ಕಡೆ ಲಕ್ಷಣ ಒಂದೇ. ಬಟನ್ ಒತ್ತಿದರೆ ಫ್ಯಾನ್ ತಿರುಗುತ್ತದೆ. ಕಂಪ್ಯೂಟರ್ ತಯಾರಕರ ಲೋಗೋ ಬರುತ್ತದೆ. ವಿಂಡೋಸ್‌ನ ಚುಕ್ಕಿಗಳು ಸುತ್ತುತ್ತವೆ. ಲಾಗಿನ್ ಪರದೆಯ ಹತ್ತಿರ ಬರುವಷ್ಟರಲ್ಲಿ ನೀಲಿ ಪರದೆ. ತಾನಾಗಿಯೇ ರೀಸ್ಟಾರ್ಟ್. ಮತ್ತೆ ಲೋಗೋ, ಮತ್ತೆ ಚುಕ್ಕಿ, ಮತ್ತೆ ನೀಲಿ. ಬೂಟ್ ಲೂಪ್ ಎನ್ನುವುದು ಇದನ್ನೇ.

ಈ ಲಕ್ಷಣವೇ ಅರ್ಧ ಉತ್ತರ ಹೇಳುತ್ತದೆ. ಕಂಪ್ಯೂಟರ್ ಆನ್ ಆಗುತ್ತಿಲ್ಲ ಎಂದು ಯಾರಾದರೂ ಫೋನ್ ಮಾಡಿದರೆ ಮೊದಲು ಕೇಳಬೇಕಾದದ್ದು, ಎಲ್ಲಿಯವರೆಗೆ ಬರುತ್ತದೆ ಎಂದು. ಫ್ಯಾನೇ ತಿರುಗದಿದ್ದರೆ ಅದು ಕರೆಂಟು, ಅಡಾಪ್ಟರ್, ಪವರ್ ಸಪ್ಲೈ ಕಡೆಯ ತೊಂದರೆ. ಫ್ಯಾನ್ ತಿರುಗಿ ಲೋಗೋ ಬರದಿದ್ದರೆ ರ್‍ಯಾಮ್, ಡಿಸ್‌ಪ್ಲೇ, ಮದರ್‌ಬೋರ್ಡ್ ನೋಡಬೇಕು. ಲೋಗೋ ಬಂದು, ಬೂಟ್ ಮಾಡಲು ಡಿಸ್ಕ್ ಇಲ್ಲ ಎಂದರೆ ಹಾರ್ಡ್ ಡಿಸ್ಕ್ ಅಥವಾ ಬೂಟ್ ಸೆಟ್ಟಿಂಗ್. ಇಲ್ಲಿ ಇವೆಲ್ಲ ದಾಟಿವೆ. ಮದರ್‌ಬೋರ್ಡ್‌ನಲ್ಲೇ ಇರುವ ಮೊದಲ ತಂತ್ರಾಂಶವಾದ ಫರ್ಮ್‌ವೇರ್ ತನ್ನ ಕೆಲಸ ಮುಗಿಸಿದೆ, ಡಿಸ್ಕ್ ಓದಲು ಸಿಕ್ಕಿದೆ, ವಿಂಡೋಸ್‌ನ ಒಳಭಾಗವಾದ ಕರ್ನಲ್ ಮೆಮೊರಿಗೆ ಬಂದಿದೆ. ಅದು ಡ್ರೈವರ್‌ಗಳನ್ನು, ಅಂದರೆ ಕರ್ನಲ್ ಜೊತೆ ಸೇರಿ ಓಡುವ ಚಿಕ್ಕ ತಂತ್ರಾಂಶಗಳನ್ನು, ಎಬ್ಬಿಸುವ ಹಂತದಲ್ಲಿ ಬಿದ್ದಿದೆ. ಅಂದರೆ ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಅಗತ್ಯವೇ ಇಲ್ಲ.

ಉಳಿದ ಅರ್ಧ ಉತ್ತರ ನೀಲಿ ಪರದೆಯಲ್ಲೇ ಇತ್ತು. ವಿಂಡೋಸ್ ಯಾಕೆ ನಿಂತಿತು ಎಂದು ಹೇಳುವ ಸ್ಟಾಪ್ ಕೋಡ್ ಜಾಗದಲ್ಲಿ 'ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ'. ಅದರ ಕೆಳಗೆ, ಯಾವುದು ವಿಫಲವಾಯಿತು ಎನ್ನುವ ಸಾಲಿನಲ್ಲಿ 'ಸಿಎಸ್‌ಏಜೆಂಟ್.ಸಿಸ್'. ಸ್ಟಾಪ್ ಕೋಡ್ ಒಂದನ್ನೇ ನೋಡಿದರೆ ದಾರಿ ತಪ್ಪಬಹುದು. ಇರಬಾರದ ಜಾಗದ ಮೆಮೊರಿಯನ್ನು ಯಾರೋ ಓದಲು ಹೋದರು ಎಂದಷ್ಟೇ ಅದರ ಅರ್ಥ. ಹಾಳಾದ ರ್‍ಯಾಮ್ ಇದ್ದರೂ ಇದೇ ಕೋಡ್ ಬರುತ್ತದೆ. ಹಾಗಾಗಿ ಒಂದೇ ಕಂಪ್ಯೂಟರ್ ಕೆಟ್ಟಿದ್ದರೆ ರ್‍ಯಾಮ್ ಪರೀಕ್ಷೆ ಮಾಡುವುದು ತಪ್ಪಲ್ಲ. ಆದರೆ ಒಂದು ಆಫೀಸಿನ ಇನ್ನೂರು ಕಂಪ್ಯೂಟರ್‌ಗಳ ರ್‍ಯಾಮ್ ಒಂದೇ ಬೆಳಿಗ್ಗೆ ಹಾಳಾಗುವುದಿಲ್ಲ, ಅಲ್ವಾ? ಕೋಡ್‌ಗಿಂತ ಫೈಲಿನ ಹೆಸರು ಮುಖ್ಯವಾಗಿತ್ತು. ಆ ಹೆಸರು ಕ್ರೌಡ್‌ಸ್ಟ್ರೈಕ್‌ನ ಫಾಲ್ಕನ್ ಸೆನ್ಸರ್ ಎಂಬ ಭದ್ರತಾ ತಂತ್ರಾಂಶದ ಡ್ರೈವರ್‌ನದ್ದು.

ಇನ್ನೊಂದು ಸುಳಿವು ಕೂಡ ಇತ್ತು. ಅದೇ ತಂತ್ರಾಂಶ ಹಾಕಿದ್ದ ಮ್ಯಾಕ್ ಮತ್ತು ಲಿನಕ್ಸ್ ಕಂಪ್ಯೂಟರ್‌ಗಳಿಗೆ ಏನೂ ಆಗಲಿಲ್ಲ. ಆ ಬೆಳಿಗ್ಗೆ ಆಫ್ ಆಗಿದ್ದು, 11 ಗಂಟೆಯ ಮೇಲೆ ಆನ್ ಮಾಡಿದ ವಿಂಡೋಸ್ ಲ್ಯಾಪ್‌ಟಾಪ್‌ಗಳಿಗೂ ಏನೂ ಆಗಲಿಲ್ಲ. ಬೆಂಗಳೂರಿನಲ್ಲಿ 9 ಗಂಟೆಗೆ ಕೆಲಸ ಶುರು ಮಾಡಿದವರ ಕಂಪ್ಯೂಟರ್ ಕೆಟ್ಟು, ತಡವಾಗಿ ಬಂದವರದ್ದು ಉಳಿಯಿತು. ಹೀಗೆ ಸಮಯಕ್ಕೆ ಸರಿಯಾಗಿ ಬೇರೆ ಬೇರೆ ಆದರೆ ಹಾರ್ಡ್‌ವೇರ್ ಮೇಲಿನ ಅನುಮಾನ ಪೂರ್ತಿ ಹೋಗುತ್ತದೆ.

ಆ ಹೊತ್ತಿನ ಒಂದು ಗೊಂದಲವನ್ನೂ ಹೇಳಬೇಕು. ಅದಕ್ಕೆ ಕೆಲವೇ ಗಂಟೆ ಮೊದಲು ಮೈಕ್ರೋಸಾಫ್ಟ್‌ನ ಅಜೂರ್ ಕ್ಲೌಡ್‌ನಲ್ಲಿ, ಅಮೆರಿಕದ ಮಧ್ಯ ಭಾಗದ ಕೇಂದ್ರದಲ್ಲಿ, ಬೇರೆಯೇ ಒಂದು ತೊಂದರೆ ಆಗಿತ್ತು. ಎರಡೂ ಒಂದೇ ಎಂದು ತುಂಬಾ ಜನ ಅಂದುಕೊಂಡರು. ಸೈಬರ್ ದಾಳಿ ಎಂಬ ಸುದ್ದಿಯೂ ಹರಡಿತು. ಇದು ದಾಳಿ ಅಲ್ಲ ಎಂದು ಕ್ರೌಡ್‌ಸ್ಟ್ರೈಕ್ ಮುಖ್ಯಸ್ಥ ಜಾರ್ಜ್ ಕರ್ಟ್ಜ್ ಅದೇ ದಿನ ಸ್ಪಷ್ಟಪಡಿಸಿದರು. ದುರಸ್ತಿ ಮಾಡುವವರಿಗೆ ಆ ಸ್ಪಷ್ಟನೆ ದೊಡ್ಡ ಸಹಾಯ. ದಾಳಿ ಎಂದಾದರೆ ಯಾವ ಕಂಪ್ಯೂಟರನ್ನೂ ಮುಟ್ಟದೆ ಸಾಕ್ಷ್ಯ ಉಳಿಸಬೇಕಾಗುತ್ತದೆ. ಬರೀ ಕೆಟ್ಟ ಫೈಲ್ ಎಂದಾದರೆ ಧೈರ್ಯವಾಗಿ ಅಳಿಸಬಹುದು.

ಒಂದು ಫೈಲ್ ಇಡೀ ವಿಂಡೋಸನ್ನು ಬೀಳಿಸಿದ್ದು ಹೇಗೆ

ಸಾಮಾನ್ಯ ಪ್ರೋಗ್ರಾಂ ತಪ್ಪು ಮಾಡಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನಲ್ ಒಳಗೆ ಓಡುವ ಡ್ರೈವರ್ ತಪ್ಪು ಮಾಡಿದರೆ ವಿಂಡೋಸ್ ಎಲ್ಲವನ್ನೂ ನಿಲ್ಲಿಸುತ್ತದೆ. ಇನ್ನೂ ಮುಂದುವರಿದರೆ ಡೇಟಾ ಹಾಳಾಗಬಹುದು ಎಂಬ ಮುನ್ನೆಚ್ಚರಿಕೆ ಅದು. ಭದ್ರತಾ ತಂತ್ರಾಂಶಗಳು ಕರ್ನಲ್ ಒಳಗೆ ಇರಲು ಬಯಸುವುದಕ್ಕೂ ಕಾರಣ ಇದೆ. ವೈರಸ್‌ಗಿಂತ ಮೊದಲೇ ಏಳಬೇಕು, ಅದಕ್ಕೆ ಕಾಣದ್ದನ್ನೂ ನೋಡಬೇಕು. ಬೇಗ ಏಳುವ ಈ ಗುಣವೇ ಆ ದಿನ ತಿರುಗಿ ಬಿತ್ತು. ಲಾಗಿನ್ ಪರದೆಗೂ ಮೊದಲೇ ಡ್ರೈವರ್ ಏಳುತ್ತದೆ, ಡಿಸ್ಕ್‌ನಲ್ಲಿ ಉಳಿದಿರುವ ಕೆಟ್ಟ ಫೈಲನ್ನು ಓದುತ್ತದೆ, ಬೀಳುತ್ತದೆ. ರೀಸ್ಟಾರ್ಟ್ ಮಾಡಿದರೆ ಫೈಲ್ ಇನ್ನೂ ಅಲ್ಲೇ ಇದೆ.

ಆಗಸ್ಟ್ 6ರಂದು ಕಂಪನಿ ಕೊಟ್ಟ ಮೂಲಕಾರಣ ವರದಿಯಲ್ಲಿ ಉಳಿದ ವಿವರ ಇದೆ. 2024ರ ಫೆಬ್ರವರಿಯಲ್ಲಿ ಸೆನ್ಸರ್‌ನ 7.11 ಆವೃತ್ತಿಗೆ ಹೊಸ ಸಾಮರ್ಥ್ಯ ಸೇರಿಸಿದರು. ವಿಂಡೋಸ್‌ನಲ್ಲಿ ಪ್ರೋಗ್ರಾಂಗಳು ಪರಸ್ಪರ ಮಾತಾಡಲು ಬಳಸುವ ನೇಮ್ಡ್ ಪೈಪ್‌ಗಳ ದುರ್ಬಳಕೆಯನ್ನು ಪತ್ತೆ ಮಾಡುವುದು ಅದರ ಕೆಲಸ. ಅದರ ನಿಯಮಗಳು ಚಾನೆಲ್ ಫೈಲ್ 291 ಎಂಬ ಫೈಲ್‌ನಲ್ಲಿ ಹೋಗುತ್ತಿದ್ದವು. ನಿಯಮದ ನಮೂನೆಯಲ್ಲಿ 21 ಜಾಗ ಇದ್ದವು. ಆದರೆ ಅದಕ್ಕೆ ಮಾಹಿತಿ ಒದಗಿಸುವ ಕೋಡ್ ಕೊಡುತ್ತಿದ್ದದ್ದು 20 ಮಾತ್ರ. ಮದುವೆ ಊಟದ ಪಂಕ್ತಿಯಲ್ಲಿ 20 ಎಲೆ ಹಾಕಿ, ಬಡಿಸುವವನ ಕೈಯಲ್ಲಿ 21 ಎಲೆಯ ಲೆಕ್ಕ ಕೊಟ್ಟ ಹಾಗೆ. 21ನೆಯ ಕಡೆ ಅವನು ನೋಡುವವರೆಗೂ ತೊಂದರೆ ಇಲ್ಲ. ಮಾರ್ಚ್ 5ರಂದು ಹೋದ ಮೊದಲ ನಿಯಮ, ಏಪ್ರಿಲ್‌ನಲ್ಲಿ ಹೋದ ಮೂರು ನಿಯಮ, ಎಲ್ಲದರಲ್ಲೂ 21ನೆಯ ಜಾಗದಲ್ಲಿ ಏನಿದ್ದರೂ ನಡೆಯುತ್ತದೆ ಎಂದಿತ್ತು. ಹಾಗಾಗಿ ಯಾರೂ ಅಲ್ಲಿ ನೋಡಲಿಲ್ಲ. ಜುಲೈ 19ರಂದು ಹೋದ ಎರಡು ಹೊಸ ನಿಯಮಗಳಲ್ಲಿ ಒಂದು, 21ನೆಯದನ್ನೂ ಹೋಲಿಸಿ ನೋಡು ಎಂದಿತು. ಡ್ರೈವರ್ ಇಲ್ಲದ ಜಾಗವನ್ನು ಓದಲು ಹೋಯಿತು.

ಕಂಪನಿಯ ಬಳಿ ಇಂಥ ಫೈಲ್‌ಗಳನ್ನು ಪರಿಶೀಲಿಸುವ ತಂತ್ರಾಂಶವೂ ಇತ್ತು. ಆದರೆ ಅದೂ 21 ಮಾಹಿತಿ ಬರುತ್ತದೆ ಎಂಬ ನಂಬಿಕೆಯಲ್ಲೇ ಪರಿಶೀಲಿಸಿ ಪಾಸ್ ಮಾಡಿತು. ಇನ್ನು, ಸೆನ್ಸರ್‌ನ ಹೊಸ ಆವೃತ್ತಿ ಬೇಡ, ಒಂದು ಹಿಂದಿನದೇ ಇರಲಿ ಎಂದು ಎಚ್ಚರ ವಹಿಸಿದ್ದ ಗ್ರಾಹಕರೂ ಬಚಾವಾಗಲಿಲ್ಲ. ಆ ಆಯ್ಕೆ ತಂತ್ರಾಂಶಕ್ಕೆ ಅನ್ವಯಿಸುತ್ತಿತ್ತು, ನಿಯಮದ ಫೈಲ್‌ಗಳಿಗೆ ಅಲ್ಲ. ಅವು ಎಲ್ಲರಿಗೂ ಒಟ್ಟಿಗೆ ಹೋಗುತ್ತಿದ್ದವು. ಜಾಗರೂಕರಾಗಿದ್ದವರಿಗೂ ಅದರ ಫಲ ಸಿಗದೆ ಹೋದದ್ದು ನನಗೆ ಈ ಪ್ರಕರಣದ ಅತ್ಯಂತ ಬೇಸರದ ಭಾಗ.

ದುರಸ್ತಿ: ಮೊದಲು ಸುಲಭದ ದಾರಿ

ಮೊದಲ ಸಲಹೆ, ಸುಮ್ನೆ ರೀಸ್ಟಾರ್ಟ್ ಮಾಡಿ ನೋಡಿ ಎಂಬುದು. ಕೇಳಿದವರಿಗೆ ಸಿಟ್ಟು ಬಂದಿರಬಹುದು, ಆದರೆ ಅದರಲ್ಲಿ ಹುರುಳಿತ್ತು. 10.57ರ ನಂತರ ಸರಿಯಾದ ಫೈಲ್ ಸರ್ವರ್‌ನಲ್ಲಿ ಸಿದ್ಧವಿತ್ತು. ವಿಂಡೋಸ್ ಏಳುವಾಗ ಡ್ರೈವರ್ ಬೀಳುವುದಕ್ಕೆ ಸ್ವಲ್ಪ ಮೊದಲು ನೆಟ್‌ವರ್ಕ್ ಸಿಕ್ಕಿಬಿಟ್ಟರೆ, ಆ ಫೈಲ್ ಇಳಿದು ಕೆಟ್ಟದ್ದರ ಜಾಗಕ್ಕೆ ಕೂರುತ್ತದೆ. ಸಿಗದಿದ್ದರೆ ಮತ್ತೆ ನೀಲಿ. ಸೆಕೆಂಡುಗಳ ಓಟ ಅದು. ಅದಕ್ಕೇ ವೈಫೈ ಬಿಟ್ಟು ಕೇಬಲ್ ಚುಚ್ಚಿ ಎಂದು ಕಂಪನಿ ಹೇಳಿತು. ಕೇಬಲ್ ಸಂಪರ್ಕ ಬೇಗ ಸಿಗುತ್ತದೆ. ಅಜೂರ್‌ನ ವರ್ಚುವಲ್ ಕಂಪ್ಯೂಟರ್‌ಗಳಲ್ಲಿ ಕೆಲವರಿಗೆ 15 ಸಲ ರೀಸ್ಟಾರ್ಟ್ ಮಾಡಿದ ಮೇಲೆ ಸರಿಹೋಯಿತು ಎಂದು ಮೈಕ್ರೋಸಾಫ್ಟ್ ತಿಳಿಸಿತು. ಬೇರೆ ಯಾವ ಬೂಟ್ ಲೂಪ್‌ಗೂ ಈ ಸಲಹೆ ಕೊಡಬೇಡಿ. ಡಿಸ್ಕ್ ಸಾಯುತ್ತಿರುವ ಕಂಪ್ಯೂಟರನ್ನು 15 ಸಲ ಎಬ್ಬಿಸಿದರೆ ಇರುವ ಡೇಟಾವೂ ಹೋಗಬಹುದು. ಇಲ್ಲಿ ಕಾರಣ ಗೊತ್ತಿತ್ತು, ಹಾಗಾಗಿ ಸರಿ.

ಆಗದಿದ್ದರೆ ಕೈಯಿಂದಲೇ ಅಳಿಸಬೇಕು. ಸತತವಾಗಿ ಎರಡು ಸಲ ಬೂಟ್ ವಿಫಲವಾದರೆ ವಿಂಡೋಸ್ ತಾನೇ ರಿಕವರಿ ಪರದೆ ತೋರಿಸುತ್ತದೆ. ಅದರಲ್ಲಿ ಟ್ರಬಲ್‌ಶೂಟ್, ಒಳಗೆ ಅಡ್ವಾನ್ಸ್ಡ್ ಆಪ್ಷನ್ಸ್, ಅಲ್ಲಿ ಸ್ಟಾರ್ಟಪ್ ಸೆಟ್ಟಿಂಗ್ಸ್. ರೀಸ್ಟಾರ್ಟ್ ಕೊಟ್ಟ ಮೇಲೆ ಬರುವ ಪಟ್ಟಿಯಲ್ಲಿ ಎಫ್4 ಒತ್ತಿದರೆ ಸೇಫ್ ಮೋಡ್. ಸೇಫ್ ಮೋಡ್‌ನಲ್ಲಿ ವಿಂಡೋಸ್ ತನಗೆ ತೀರಾ ಬೇಕಾದ ಡ್ರೈವರ್‌ಗಳನ್ನು ಮಾತ್ರ ಎಬ್ಬಿಸುತ್ತದೆ. ಹೊರಗಿನ ಭದ್ರತಾ ಡ್ರೈವರ್ ಏಳುವುದಿಲ್ಲ, ಹಾಗಾಗಿ ಬೀಳುವುದೂ ಇಲ್ಲ. ಆಮೇಲೆ ಸಿ ಡ್ರೈವ್, ವಿಂಡೋಸ್ ಫೋಲ್ಡರ್, ಸಿಸ್ಟಮ್32, ಡ್ರೈವರ್ಸ್, ಕ್ರೌಡ್‌ಸ್ಟ್ರೈಕ್ ಎಂದು ಒಳಗೆ ಹೋಗಬೇಕು. 'ಸಿ-00000291' ಎಂದು ಶುರುವಾಗಿ 'ಸಿಸ್' ಎಂದು ಮುಗಿಯುವ ಫೈಲ್ ಹುಡುಕಿ ಅಳಿಸಬೇಕು. ಮಾಮೂಲಿಯಾಗಿ ರೀಸ್ಟಾರ್ಟ್ ಮಾಡಬೇಕು. ಅಷ್ಟೇ. ಗೊತ್ತಿದ್ದವರಿಗೆ ಕೆಲವೇ ನಿಮಿಷದ ಕೆಲಸ.

ಇಲ್ಲೂ ಎಡವಲು ಜಾಗ ಇತ್ತು. ಸೇಫ್ ಮೋಡ್ ಬದಲು ರಿಕವರಿಯ ಕಮಾಂಡ್ ಪ್ರಾಂಪ್ಟ್ ತೆರೆದವರಿಗೆ ಎದುರಾಗುವುದು ಎಕ್ಸ್ ಎಂಬ ಡ್ರೈವ್. ಅದು ರಿಕವರಿ ವ್ಯವಸ್ಥೆ ಮೆಮೊರಿಯಲ್ಲಿ ಮಾಡಿಕೊಂಡ ತಾತ್ಕಾಲಿಕ ಡ್ರೈವ್. ಅದರಲ್ಲೂ ವಿಂಡೋಸ್, ಸಿಸ್ಟಮ್32 ಎಂಬ ಹೆಸರಿನ ಫೋಲ್ಡರ್‌ಗಳು ಇರುತ್ತವೆ. ಅಲ್ಲೇ ಹುಡುಕಿದರೆ ಕ್ರೌಡ್‌ಸ್ಟ್ರೈಕ್ ಫೋಲ್ಡರ್ ಸಿಗುವುದಿಲ್ಲ. ಮೊದಲು ಸಿ ಎಂದು ಟೈಪ್ ಮಾಡಿ, ಕೋಲನ್ ಹಾಕಿ ಎಂಟರ್ ಒತ್ತಿ ನಿಜವಾದ ಡ್ರೈವ್‌ಗೆ ಬರಬೇಕು. ಕೆಲವು ಕಂಪ್ಯೂಟರ್‌ಗಳಲ್ಲಿ ರಿಕವರಿಯೊಳಗೆ ಅಕ್ಷರಗಳು ಬದಲಾಗಿ ನಿಜವಾದ ವಿಂಡೋಸ್ ಡಿ ಅಥವಾ ಇ ಎಂದು ಕಾಣುವುದೂ ಉಂಟು. ಈ ವಿಷಯ ಬೇರೆ ಎಲ್ಲ ಬೂಟ್ ದುರಸ್ತಿಯಲ್ಲೂ ಉಪಯೋಗಕ್ಕೆ ಬರುತ್ತದೆ, ನೆನಪಿಡಿ.

ಫೈಲಿನ ಸಮಯವನ್ನೂ ನೋಡಬೇಕಿತ್ತು. ಜಾಗತಿಕ ಸಮಯ 4.09ರದ್ದು (ನಮ್ಮ 9.39) ಕೆಟ್ಟದ್ದು, 5.27ರದ್ದು (ನಮ್ಮ 10.57) ಅಥವಾ ಅದರ ನಂತರದ್ದು ಒಳ್ಳೆಯದು. ಹೆಸರು ಎರಡಕ್ಕೂ ಒಂದೇ ರೀತಿ. ಫೋಲ್ಡರ್‌ನಲ್ಲಿ ಬೇರೆ ಫೈಲ್‌ಗಳನ್ನು ಮುಟ್ಟಬೇಡಿ ಎಂದು ಸೂಚನೆಯಲ್ಲಿ ಒತ್ತಿ ಹೇಳಿದ್ದರು.

ಬೂಟ್ ಲೂಪ್ ಬಂದ ತಕ್ಷಣ ವಿಂಡೋಸ್ ಹೊಸದಾಗಿ ಹಾಕುವ ಅಭ್ಯಾಸ ನಮ್ಮಲ್ಲಿ ತುಂಬಾ ಅಂಗಡಿಗಳಲ್ಲಿ ಇದೆ. ಈ ಪ್ರಕರಣದಲ್ಲಿ ಹಾಗೆ ಮಾಡಿದ್ದರೆ ಕಂಪ್ಯೂಟರ್ ಖಂಡಿತ ಸರಿಹೋಗುತ್ತಿತ್ತು, ಜೊತೆಗೆ ಅದರಲ್ಲಿದ್ದ ಕೆಲಸವೂ ಹೋಗುತ್ತಿತ್ತು. ಒಂದೇ ಒಂದು ಫೈಲ್ ತೆಗೆದರೆ ಸಾಕಾಗಿದ್ದ ಜಾಗದಲ್ಲಿ ಇಡೀ ಡಿಸ್ಕ್ ಅಳಿಸುವುದು ದುರಸ್ತಿ ಅಲ್ಲ. ಗ್ರಾಹಕರು ಕೇಳಬೇಕು: ಯಾವುದು ಕೆಟ್ಟಿದೆ, ಹೆಸರು ಹೇಳಿ ಎಂದು.

ನಿಜವಾದ ಅಡ್ಡಿ: 48 ಅಂಕಿ

ಪರಿಹಾರ ಗೊತ್ತಾದದ್ದು ಕೆಲವೇ ಗಂಟೆಗಳಲ್ಲಿ. ಆದರೆ ಕೆಲಸ ನಿಂತದ್ದು ಬಿಟ್‌ಲಾಕರ್ ಎದುರು.

ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕನ್ನು ಬಿಟ್‌ಲಾಕರ್‌ನಿಂದ ಗೂಢಲಿಪಿಯಲ್ಲಿ ಇಟ್ಟಿರುತ್ತಾರೆ. ಲ್ಯಾಪ್‌ಟಾಪ್ ಕಳುವಾದರೂ ಒಳಗಿನದು ಓದಲು ಸಿಗಬಾರದು ಎಂದು. ಮಾಮೂಲಿ ಬೂಟ್‌ನಲ್ಲಿ ಮದರ್‌ಬೋರ್ಡ್‌ನ ಟಿಪಿಎಂ ಚಿಪ್ ಎಲ್ಲ ಸರಿ ಇದೆಯೇ ಎಂದು ನೋಡಿ ತಾನೇ ಕೀ ಕೊಡುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ರಿಕವರಿ ದಾರಿಯಲ್ಲಿ ಹೋದರೆ ಅದು ಕೊಡುವುದಿಲ್ಲ. ಆಗ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಪ್ರತಿ ಕಂಪ್ಯೂಟರ್‌ಗೂ ಬೇರೆ ಬೇರೆ ಕೀ. ಮನೆಯಿಂದ ಕೆಲಸ ಮಾಡುವವರಿಗೆ ಫೋನ್‌ನಲ್ಲಿ ಒಂದೊಂದೇ ಅಂಕಿ ಓದಿ ಹೇಳಬೇಕು. ಒಂದು ತಪ್ಪಾದರೆ ಮತ್ತೆ ಓದಿ ಹೇಳಬೇಕು. ಆಮೇಲೆ ಸೇಫ್ ಮೋಡ್‌ಗೆ ಅಡ್ಮಿನ್ ಪಾಸ್‌ವರ್ಡ್. ಆಮೇಲೆ ಫೋಲ್ಡರ್ ಹುಡುಕುವುದು. ಕಂಪ್ಯೂಟರ್ ಪರಿಣತರಲ್ಲದ ನೌಕರರಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಟ್ಟವರ ತಾಳ್ಮೆಗೆ ನನ್ನ ದೊಡ್ಡ ಗೌರವ ಇದೆ. ಆ ವಾರ ಅವರ ಹೆಸರು ಯಾವ ಪತ್ರಿಕೆಯಲ್ಲೂ ಬರಲಿಲ್ಲ.

ಕೀಗಳನ್ನು ಎಲ್ಲಿ ಇಟ್ಟಿದ್ದರು? ಸಾಮಾನ್ಯವಾಗಿ ನೌಕರರ ಖಾತೆ, ಕಂಪ್ಯೂಟರ್‌ಗಳ ಲೆಕ್ಕ ಇಡುವ ಕಂಪನಿಯ ಆ್ಯಕ್ಟಿವ್ ಡೈರೆಕ್ಟರಿ ಸರ್ವರ್‌ನಲ್ಲಿ. ಅದೂ ವಿಂಡೋಸ್ ಸರ್ವರ್. ಅದರಲ್ಲೂ ಫಾಲ್ಕನ್ ಸೆನ್ಸರ್ ಇದ್ದರೆ ಅದೂ ಬಿದ್ದಿರುತ್ತದೆ. ಅಂದರೆ ಲ್ಯಾಪ್‌ಟಾಪ್ ತೆರೆಯಲು ಬೇಕಾದ ಕೀ, ತೆರೆಯಲಾಗದ ಸರ್ವರ್ ಒಳಗೆ. ಹೀಗೆ ಸಿಕ್ಕಿಬಿದ್ದವರು ಮೊದಲು ಸರ್ವರ್ ಎಬ್ಬಿಸಬೇಕು, ಆಮೇಲೆ ಉಳಿದದ್ದು. ಯಾವುದು ಮೊದಲು ಎಂಬ ಈ ಕ್ರಮ ಬರೆದಿಟ್ಟುಕೊಂಡಿದ್ದ ಕಡೆ ಕೆಲಸ ಬೇಗ ಸಾಗಿತು.

ಆಸ್ಟ್ರೇಲಿಯಾದಲ್ಲಿ ಪೆಟ್ಟು ಬಿದ್ದದ್ದು ಶುಕ್ರವಾರ ಮಧ್ಯಾಹ್ನ, ಎಲ್ಲರೂ ಕೆಲಸದಲ್ಲಿದ್ದಾಗ. ಅಲ್ಲಿನ ಗ್ರಾಂಟ್ ಥಾರ್ನ್‌ಟನ್ ಸಂಸ್ಥೆಯ ತಂತ್ರಜ್ಞರು ಒಂದು ಉಪಾಯ ಮಾಡಿದರು. ರಿಕವರಿ ಕೀಗಳನ್ನು ಬಾರ್‌ಕೋಡ್‌ಗಳಾಗಿ ಮಾಡಿ ಪರದೆಯಲ್ಲಿ ತೋರಿಸಿದರು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಾರ್‌ಕೋಡ್ ಸ್ಕ್ಯಾನರ್ ತಂದು ಕೆಟ್ಟ ಲ್ಯಾಪ್‌ಟಾಪ್‌ಗೆ ಚುಚ್ಚಿದರು. ಕಂಪ್ಯೂಟರ್ ದೃಷ್ಟಿಯಲ್ಲಿ ಆ ಸ್ಕ್ಯಾನರ್ ಕೂಡ ಒಂದು ಕೀಬೋರ್ಡ್. ಒಮ್ಮೆ ಬೀಪ್ ಎಂದರೆ 48 ಅಂಕಿಯೂ ತಪ್ಪಿಲ್ಲದೆ ಟೈಪ್ ಆಗುತ್ತದೆ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಇಷ್ಟವಾದ ಕೆಲಸ ಇದು. ಹೊಸ ತಂತ್ರಾಂಶ ಏನೂ ಇಲ್ಲ, ಇರುವ ವಸ್ತುವಿನ ಗುಣ ಗೊತ್ತಿತ್ತು ಅಷ್ಟೇ.

ಕೀ ಇಲ್ಲದೆಯೂ ಒಂದು ದಾರಿ ಇತ್ತು, ಆದರೆ ಎಲ್ಲರಿಗೂ ಅಲ್ಲ. ಯಾವ ಮೋಡ್‌ನಲ್ಲಿ ಬೂಟ್ ಆಗಬೇಕು ಎಂಬ ಸೆಟ್ಟಿಂಗ್ ಇರುವುದು ಡಿಸ್ಕ್‌ನ ಒಂದು ಚಿಕ್ಕ ಭಾಗದಲ್ಲಿ. ಆ ಭಾಗಕ್ಕೆ ಬಿಟ್‌ಲಾಕರ್ ಇರುವುದಿಲ್ಲ. ರಿಕವರಿಯಲ್ಲಿ ಕೀ ಕೇಳಿದಾಗ ಈ ಡ್ರೈವ್ ಬಿಟ್ಟುಬಿಡು ಎಂದು ಕೊಟ್ಟು ಕಮಾಂಡ್ ಪ್ರಾಂಪ್ಟ್‌ಗೆ ಹೋಗಬಹುದು. ಅಲ್ಲಿ 'ಬಿಸಿಡಿಎಡಿಟ್' ಎಂಬ ಆಜ್ಞೆಯಿಂದ ಮುಂದಿನ ಬೂಟ್ ಸೇಫ್ ಮೋಡ್‌ನಲ್ಲೇ ಆಗಲಿ ಎಂದು ಬರೆಯಬಹುದು. ಆಮೇಲೆ ನಡೆಯುವುದು ಮಾಮೂಲಿ ದಾರಿಯ ಬೂಟ್ ಆದ್ದರಿಂದ ಟಿಪಿಎಂ ತಾನೇ ಕೀ ಕೊಡುತ್ತದೆ. ಮೈಕ್ರೋಸಾಫ್ಟ್ ಆ ವಾರಾಂತ್ಯದಲ್ಲಿ ಬಿಡುಗಡೆ ಮಾಡಿದ ಯುಎಸ್‌ಬಿ ರಿಕವರಿ ಉಪಕರಣದ ಎರಡನೆಯ ಆಯ್ಕೆ ಇದೇ ತತ್ವದ ಮೇಲೆ ನಿಂತಿತ್ತು. ಬೂಟ್ ಸಮಯದಲ್ಲಿ ಪಿನ್ ಕೇಳುವಂತೆ ಮಾಡಿಕೊಂಡ ಕಂಪ್ಯೂಟರ್‌ಗಳಲ್ಲಿ ಆ ಪಿನ್ ಇಲ್ಲದೆ ಇದು ನಡೆಯುವುದಿಲ್ಲ. ಸೇಫ್ ಮೋಡ್‌ನಲ್ಲಿ ಒಳಗೆ ಬರಲು ಅಡ್ಮಿನ್ ಖಾತೆಯೂ ಬೇಕು. ಕೈಯಿಂದ ಮಾಡಿದವರು ಕೆಲಸ ಮುಗಿದ ಮೇಲೆ ಆ ಸೆಟ್ಟಿಂಗ್ ತೆಗೆಯಲು ಮರೆತರೆ ಕಂಪ್ಯೂಟರ್ ಪ್ರತಿ ಸಲವೂ ಸೇಫ್ ಮೋಡ್‌ನಲ್ಲೇ ಏಳುತ್ತದೆ.

ಆ ಉಪಕರಣದ ಮೊದಲ ಆಯ್ಕೆ ಜಾಸ್ತಿ ಸರಳ. ಯುಎಸ್‌ಬಿಯಿಂದ ಒಂದು ಪುಟ್ಟ ವಿಂಡೋಸ್ ಎದ್ದು, ಕೀ ಕೇಳಿ, ಕೆಟ್ಟ ಫೈಲನ್ನು ತಾನೇ ಅಳಿಸುತ್ತಿತ್ತು.

ಪರದೆಯೇ ಇಲ್ಲದ ಕಂಪ್ಯೂಟರ್‌ಗಳು

ಡೇಟಾ ಸೆಂಟರ್‌ನ ಸರ್ವರ್‌ಗಳಲ್ಲಿ ಐಲೋ, ಐಡ್ರಾಕ್ ಥರದ ದೂರ ನಿಯಂತ್ರಣ ಚಿಪ್ ಇದ್ದರೆ ಪರವಾಗಿಲ್ಲ. ವಿಂಡೋಸ್ ಬಿದ್ದಿದ್ದರೂ ಆ ಚಿಪ್ ಬೇರೆಯಾಗಿ ಎದ್ದಿರುತ್ತದೆ, ಅದರ ಮೂಲಕ ಕೀಬೋರ್ಡ್ ಮತ್ತು ಪರದೆ ಸಿಗುತ್ತದೆ. ಕ್ಲೌಡ್‌ನಲ್ಲಿ ಸೇಫ್ ಮೋಡ್‌ಗೆ ಹೋಗುವುದು ಕಷ್ಟ. ಅಲ್ಲಿ ಮಾಡಿದ್ದು ಬೇರೆ ರೀತಿ. ಕೆಟ್ಟ ಕಂಪ್ಯೂಟರ್‌ನ ಡಿಸ್ಕ್ ಬಿಡಿಸಿ, ಚೆನ್ನಾಗಿರುವ ಇನ್ನೊಂದಕ್ಕೆ ಎರಡನೆಯ ಡಿಸ್ಕ್ ಆಗಿ ಜೋಡಿಸಿ, ಫೈಲ್ ಅಳಿಸಿ, ಮತ್ತೆ ಮೊದಲಿನ ಜಾಗಕ್ಕೆ ಹಾಕುವುದು. ಮನೆಯ ಡೆಸ್ಕ್‌ಟಾಪ್ ಏಳದಿದ್ದಾಗ ಹಾರ್ಡ್ ಡಿಸ್ಕ್ ತೆಗೆದು ಗೆಳೆಯನ ಕಂಪ್ಯೂಟರ್‌ಗೆ ಹಾಕಿ ಫೋಟೋ ಉಳಿಸಿಕೊಳ್ಳುತ್ತೇವಲ್ಲ, ಅದೇ ವಿಧಾನ. ಬ್ಯಾಕಪ್ ಇದ್ದವರಿಗೆ 19ರ ಬೆಳಿಗ್ಗೆಗಿಂತ ಹಿಂದಿನ ಪ್ರತಿಗೆ ಮರಳುವ ಆಯ್ಕೆಯೂ ಇತ್ತು.

ಅತಿ ಹೆಚ್ಚು ನರಳಿದ್ದು ಅಮೆರಿಕದ ಡೆಲ್ಟಾ ವಿಮಾನ ಕಂಪನಿ. ಐದು ದಿನಗಳಲ್ಲಿ ಸುಮಾರು 7,000 ವಿಮಾನ ರದ್ದು. 40,000 ಸರ್ವರ್‌ಗಳನ್ನು ಕೈಯಿಂದ ಸರಿ ಮಾಡಬೇಕಾಯಿತು ಎಂದು ಅದರ ಮುಖ್ಯಸ್ಥರೇ ಹೇಳಿದರು. ಕಂಪ್ಯೂಟರ್‌ಗಳು ಎದ್ದ ಮೇಲೂ ಯಾವ ಪೈಲಟ್ ಯಾವ ಊರಿನಲ್ಲಿದ್ದಾರೆ ಎಂದು ಲೆಕ್ಕ ಇಡುವ ವ್ಯವಸ್ಥೆ ಹಿಂದೆ ಬಿದ್ದಿತ್ತು. ಕಂಪ್ಯೂಟರ್ ಎದ್ದರೆ ಸಾಲದು, ಮಲಗಿದ್ದ ಹೊತ್ತಿನಲ್ಲಿ ನಡೆದದ್ದನ್ನೂ ಅದಕ್ಕೆ ತಿಳಿಸಬೇಕು.

ನಮ್ಮಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಂಡಿಗೋ, ಆಕಾಸ, ಸ್ಪೈಸ್‌ಜೆಟ್, ಏರ್ ಇಂಡಿಯಾ ಎಕ್ಸ್‌ಪ್ರೆಸ್‌ಗಳ ಚೆಕ್ ಇನ್ ವ್ಯವಸ್ಥೆ ತೊಂದರೆಗೆ ಸಿಕ್ಕಿತು. ದೇಶದ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಜನ ಅದರ ಫೋಟೋ ಹಂಚಿಕೊಂಡರು. ನನಗೆ ಅದರಲ್ಲಿ ಕಂಡದ್ದು ತಯಾರಿ. ಕಂಪ್ಯೂಟರ್ ಇಲ್ಲದೆ ವಿಮಾನ ಹತ್ತಿಸುವ ಕ್ರಮ ಯಾರೋ ಮೊದಲೇ ಯೋಚಿಸಿ ಇಟ್ಟಿದ್ದರು. ಬ್ಯಾಂಕ್‌ಗಳಲ್ಲಿ ಹೊಡೆತ ಕಡಿಮೆ. 10 ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳಿಗೆ ಮಾತ್ರ ಸಣ್ಣ ತೊಂದರೆ ಆಗಿದೆ ಎಂದು ರಿಸರ್ವ್ ಬ್ಯಾಂಕ್ ತಿಳಿಸಿತು. ಸರ್ಕಾರದ ಎನ್‌ಐಸಿ ಜಾಲಕ್ಕೆ ಏನೂ ಆಗಲಿಲ್ಲ.

ಈ ನಡುವೆ, ನಾವೇ ಸರಿ ಮಾಡಿಕೊಡುತ್ತೇವೆ ಎಂದು ಸುಳ್ಳು ತಾಣಗಳು, ವೈರಸ್ ತುಂಬಿದ ದುರಸ್ತಿ ಫೈಲ್‌ಗಳು ಹುಟ್ಟಿಕೊಂಡವು. ಗಾಬರಿಯಲ್ಲಿರುವವರನ್ನು ಹುಡುಕಿಕೊಂಡು ಬರುವವರು ಎಲ್ಲ ಕಡೆ ಇರುತ್ತಾರೆ.

ಆಮೇಲೆ ಬದಲಾದದ್ದು

ಡ್ರೈವರ್ 21ನೆಯ ಜಾಗ ಓದುವ ಮೊದಲು, ಅಷ್ಟು ಜಾಗ ಇದೆಯೇ ಎಂದು ಎಣಿಸುವ ಪರೀಕ್ಷೆ ಸೇರಿತು. ನಿಯಮದ ಫೈಲ್‌ಗಳು ಈಗ ಹಂತ ಹಂತವಾಗಿ ಹೋಗುತ್ತವೆ, ಮೊದಲು ಸ್ವಲ್ಪ ಕಂಪ್ಯೂಟರ್‌ಗಳಿಗೆ, ಸರಿ ಇದ್ದರೆ ಉಳಿದವಕ್ಕೆ. ಯಾವಾಗ ಬರಬೇಕು ಎಂದು ಗ್ರಾಹಕರೂ ಆಯ್ಕೆ ಮಾಡಬಹುದು. ಇದು ಮೊದಲೇ ಇರಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದರೆ ಇಂಥದ್ದು ಇದೇ ಮೊದಲಲ್ಲ. 2010ರ ಏಪ್ರಿಲ್ 21ರಂದು ಮ್ಯಾಕಫಿ ಆ್ಯಂಟಿವೈರಸ್‌ನ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಸ್ವಂತ ಫೈಲ್ 'ಎಸ್‌ವಿಸಿಹೋಸ್ಟ್' ಅನ್ನೇ ವೈರಸ್ ಎಂದು ತೆಗೆದುಹಾಕಿತ್ತು. ಆಗಲೂ ಕಂಪ್ಯೂಟರ್‌ಗಳು ರೀಸ್ಟಾರ್ಟ್ ಆಗುತ್ತಲೇ ಇದ್ದವು. ಆಗಲೂ ಒಂದೊಂದರ ಮುಂದೆಯೂ ಹೋಗಿ ಕೂರಬೇಕಾಯಿತು.

ಮೈಕ್ರೋಸಾಫ್ಟ್ 2024ರ ನವೆಂಬರ್‌ನಲ್ಲಿ ಕ್ವಿಕ್ ಮೆಷಿನ್ ರಿಕವರಿ ಎಂಬ ಸೌಲಭ್ಯ ಪ್ರಕಟಿಸಿತು, 2025ರಲ್ಲಿ ಅದು ವಿಂಡೋಸ್ 11ರ 24ಎಚ್2 ಆವೃತ್ತಿಗೆ ಬಂತು. ಕಂಪ್ಯೂಟರ್ ಪದೇ ಪದೇ ಬೀಳುತ್ತಿದ್ದರೆ ರಿಕವರಿ ವ್ಯವಸ್ಥೆಯೇ ನೆಟ್‌ವರ್ಕ್‌ಗೆ ಸೇರಿ, ಇದಕ್ಕೆ ಪರಿಹಾರ ಬಂದಿದೆಯೇ ಎಂದು ಮೈಕ್ರೋಸಾಫ್ಟ್‌ನ ಸರ್ವರ್ ಅನ್ನು ಕೇಳುತ್ತದೆ. ಇದ್ದರೆ ಇಳಿಸಿಕೊಂಡು ಸರಿ ಮಾಡಲು ನೋಡುತ್ತದೆ. ಜುಲೈ 19ರಂದು ಇಲ್ಲದೆ ಹೋದದ್ದು ಇದೇ ಕೊಂಡಿ. ಎಲ್ಲ ತೊಂದರೆಗೂ ಅದು ಮದ್ದಲ್ಲ. ತುಂಬಾ ಜನರಿಗೆ ಒಟ್ಟಿಗೆ ಬಂದ, ಕಾರಣ ಗೊತ್ತಾಗಿರುವ ತೊಂದರೆಗೆ ಮಾತ್ರ ಉಪಯೋಗ.

ಅದಕ್ಕೂ ಮೊದಲು ನಿಮ್ಮ ಕಂಪ್ಯೂಟರ್‌ನಲ್ಲಿ ರಿಕವರಿ ವ್ಯವಸ್ಥೆಯೇ ಇರಬೇಕು. ಡಿಸ್ಕ್ ಬದಲಾಯಿಸಿದಾಗ ಅಥವಾ ಪಾರ್ಟಿಷನ್ ಅಳಿಸಿದಾಗ ಅದು ಹೋಗಿರುವುದುಂಟು. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ರೀಏಜೆಂಟ್‌ಸಿ' ಎಂಬ ಆಜ್ಞೆಯನ್ನು, ಒಂದು ಸ್ಪೇಸ್ ಬಿಟ್ಟು ಓರೆಗೆರೆಯ ಜೊತೆ 'ಇನ್ಫೋ' ಎಂದು ಸೇರಿಸಿ ಕೊಡಿ. ಎನೇಬಲ್ಡ್ ಎಂದು ಬಂದರೆ ಇದೆ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಷನ್ ಆನ್ ಆಗಿದೆಯೇ ನೋಡಿ. ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ, ಹೋಮ್ ಆವೃತ್ತಿಯಲ್ಲೂ, ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದವರಿಗೆ ಅದು ಕೇಳದೆಯೇ ಆನ್ ಆಗಿರುವುದು ಸಾಮಾನ್ಯ. ಆನ್ ಆಗಿದ್ದರೆ ನಿಮ್ಮ 48 ಅಂಕಿಯ ಕೀ ಆ ಖಾತೆಯಲ್ಲಿ ಇರುತ್ತದೆ. ಫೋನ್‌ನಿಂದ ಖಾತೆಗೆ ಹೋಗಿ ಅದನ್ನು ಕಾಗದದಲ್ಲಿ ಬರೆದುಕೊಳ್ಳಿ, ಪಕ್ಕದಲ್ಲಿ ಕೀಯ ಐಡಿಯ ಮೊದಲ 8 ಅಕ್ಷರವನ್ನೂ ಬರೆಯಿರಿ. ಮನೆಯಲ್ಲಿ ಎರಡು ಲ್ಯಾಪ್‌ಟಾಪ್ ಇದ್ದರೆ ಯಾವ ಕೀ ಯಾವುದರದ್ದು ಎಂದು ಅದರಿಂದಲೇ ಗೊತ್ತಾಗುವುದು. ಕಾಗದವನ್ನು ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಮಾತ್ರ ಇಡಬೇಡಿ.